ಕುಬಸದ ಸೀರೆಗೆ ಸೋಪಿನ ಪುಡಿ

ಹೊಸ ಬಣ್ಣದ ಬಟ್ಟೆ ಮನೆಗೆ ಬಂದರೆ ನಾನು ಮೊದಲು ಅದರ ಒಂದು ಮೂಲೆಯನ್ನು ಒದ್ದೆ ಮಾಡಿ, ಬಿಳಿ ಚಿಂದಿಯ ಮೇಲಿಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತೇನೆ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಗೆ ಬೇರೆ ಬಕೇಟು. ಹತ್ತದಿದ್ದರೆ ದೇವರು ದೊಡ್ಡವನು, ಎಲ್ಲದರ ಜೊತೆ ಅದನ್ನೂ ನೆನೆಹಾಕುತ್ತೇನೆ. ನನ್ನ ಮಗಳಿಗೆ ಇದು ನಗೆಪಾಟಲು. "ಅವ್ವ ಬಟ್ಟಿ ನಾಡಿ ಹಿಡದು ನೋಡಾಕತ್ತಾಳ, ಯಾರೂ ಮಾತಾಡಬ್ಯಾಡ್ರಿ" ಎಂದು ಮನೆಯವರನ್ನೆಲ್ಲ ಸುಮ್ಮನಾಗಿಸುತ್ತಾಳೆ. ನಗಲಿ ಬಿಡಿ. ಬಟ್ಟೆಗೂ ನಾಡಿ ಇರುತ್ತದೆ ಎಂಬುದು ಒಗೆದವರಿಗೆ ಗೊತ್ತು.

ಮೊನ್ನೆ ರಾಯಚೂರಿನ ನಮ್ಮ ಓಣಿಯ ಅಂಗಡಿಗೆ ಸೋಪಿನ ಪುಡಿ ತರಲು ಹೋಗಿದ್ದೆ. ಅಂಗಡಿಯವರು ಹೊಸ ಪಾಕೀಟೊಂದನ್ನು ತೆಗೆದು ಮುಂದಿಟ್ಟರು.

"ಯಕ್ಕಾರ, ಇದು ಬಣ್ಣದ ಬಟ್ಟೀಗಂತನ ಬಂದದ ನೋಡ್ರಿ. ಬಿಳೀ ಬಟ್ಟೀಗೆ ಬ್ಯಾರೆ, ಇದು ಬ್ಯಾರೆ."

"ಹಂಗಾದ್ರ ಬಣ್ಣದ ಅಂಚಿರೋ ಬಿಳೀ ಧೋತರಕ್ಕ ಯಾವ್ದು ಹಾಕಬೇಕ್ರೀ?" ಎಂದೆ.

ಅವರು ಇನ್ನೊಂದು ಪಾಕೀಟನ್ನೂ ಇಳಿಸಿ, "ಎರಡೂ ಒಂದೊಂದು ಒಯ್ರಿ" ಎಂದರು. ವ್ಯಾಪಾರಸ್ಥರ ಬಳಿ ಉತ್ತರವಿಲ್ಲದ ಪ್ರಶ್ನೆ ಇಲ್ಲ.

ನಾನು ಪಾಕೀಟನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದೆ. ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಸೋಪಿನ ಪುಡಿ ಆರಿಸುವಾಗ ಬೆಲೆ ನೋಡುವವರಿದ್ದಾರೆ, ತೂಕ ನೋಡುವವರಿದ್ದಾರೆ, ಜೊತೆಗೆ ಪುಕ್ಕಟೆ ಏನು ಸಿಗುತ್ತದೆ ಎಂದು ಪಾಕೀಟನ್ನು ಅಲ್ಲಾಡಿಸಿ ನೋಡುವವರೂ ಇದ್ದಾರೆ. ನಾನು ಮೂಗಿನಿಂದ ಆರಿಸುವವಳು. ಈ ರೂಢಿ ನನಗೆ ಬಂದದ್ದು ನನ್ನ ಗಂಡನ ತಂಗಿ ಶಾಂತಾಳಿಂದ. ಅದನ್ನು ಹೇಳುವ ಮೊದಲು ನೀರಿನ ವಿಷಯ ಹೇಳಬೇಕು. ನೀರನ್ನು ತಿಳಿಯದೆ ಪುಡಿ ಆರಿಸುವುದು, ವರನನ್ನು ನೋಡದೆ ಲಗ್ನ ಗೊತ್ತು ಮಾಡಿದಂತೆ.

ನಾನು ಹುಟ್ಟಿ ಬೆಳೆದದ್ದು ಪೋತ್ನಾಳದಲ್ಲಿ. ಅದು ಕಾಲುವೆ ಕಂಡ ಊರು. ಕಾಲುವೆಯ ನೀರು ಸಿಹಿ, ಮೆತ್ತಗಿನದು. ಏನು ಹಾಕಿದರೂ ನೊರೆ ಕೊಡುವ ಉದಾರ ನೀರು. ಬಣ್ಣದ ಬಟ್ಟೆಗೆ ಅವ್ವ ಅಂಟುವಾಳದ ಕಾಯಿ ಬಿಟ್ಟು ಬೇರೇನೂ ತಾಕಿಸುತ್ತಿರಲಿಲ್ಲ. ಹಿಂದಿನ ದಿನ ನೆನೆಹಾಕಿದ ಕಾಯಿಗಳನ್ನು ಬೆಳಿಗ್ಗೆ ಕಿವುಚಿದರೆ ಬೋಗುಣಿ ತುಂಬಿ ನೊರೆ ಹೊರಗೆ ಚೆಲ್ಲುತ್ತಿತ್ತು. ನಾವು ಮಕ್ಕಳು ಆ ನೊರೆಯನ್ನು ಗಲ್ಲಕ್ಕೆ ಮೆತ್ತಿಕೊಂಡು ಗಡ್ಡದ ಸ್ವಾಮಿಗಳಾಗಿ ಒಗೆಯುವ ಕಲ್ಲುಗಳ ಮೇಲೆ ಕುಳಿತು ಒಬ್ಬರಿಗೊಬ್ಬರು ಆಶೀರ್ವಾದ ಮಾಡುತ್ತಿದ್ದೆವು. ಕಣ್ಣಿಗೆ ಹೋದ ಕೂಡಲೇ ಸ್ವಾಮಿಗಳೆಲ್ಲ ಬಾಯಿ ಬಾಯಿ ಬಡಿದುಕೊಂಡು ನೀರಿಗೆ ಧುಮುಕುತ್ತಿದ್ದರು.

ಒಮ್ಮೆ ನನ್ನ ಕೆಂಪು ಲಂಗ ಹೇಗೋ ಅಪ್ಪನ ಧೋತರದ ಜೊತೆ ಒಂದೇ ಗಂಟಿನಲ್ಲಿ ಸೇರಿಬಿಟ್ಟಿತು. ಧೋತರ ಗುಲಾಬಿಯಾಯಿತು, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ, ಹಿಂದುಗಡೆ ಜಾಸ್ತಿ. ಅಪ್ಪ ಅದನ್ನು ಎಸೆಯುವವರಲ್ಲ, ಉಟ್ಟುಕೊಂಡೇ ಗದ್ದೆಗೆ ಹೋದರು. ದಾರಿಯಲ್ಲಿ ಗೆಳೆಯರೊಬ್ಬರು, "ಏನಪಾ, ಯಾವ ಬೀಗರ ಮನ್ಯಾಗ ಬಣ್ಣ ಆಡಿ ಬಂದಿ?" ಎಂದು ಕೇಳಿದರಂತೆ. ಅಪ್ಪ ಮನೆಗೆ ಬಂದು ನಗುತ್ತ ಹೇಳಿದರೂ ಅವ್ವನಿಗೆ ಅವಮಾನವಾಯಿತು. "ಬಣ್ಣ ಬಿಡೋ ಬಟ್ಟಿ, ಗುಟ್ಟು ಬಿಡೋ ಬಾಯಿ, ಎರಡನ್ನೂ ದೂರ ಕೂಡಿಸಬೇಕು" ಎಂದು ನನಗೆ ಹೇಳಿದಳು. ನಾನು ಓದಿದ್ದು ಕಡಿಮೆ. ಕಲಿತದ್ದರಲ್ಲಿ ಇದೊಂದು ಕೊನೆಯವರೆಗೂ ಉಪಯೋಗಕ್ಕೆ ಬಂತು.

ಮದುವೆಯಾಗಿ ದೇವದುರ್ಗಕ್ಕೆ ಹೋದೆ. ನಮ್ಮ ಮನೆಯವರು ಅಲ್ಲಿ ಶಾಲೆಯ ಮಾಸ್ತರರು. ಮನೆ ಒಳ್ಳೆಯದು, ಜನ ಒಳ್ಳೆಯವರು, ಹಿತ್ತಲಲ್ಲಿ ಬಾವಿಯೂ ಇತ್ತು. ಆದರೆ ಬಾವಿಯಲ್ಲಿ ಇದ್ದದ್ದು ಸವಳು ನೀರು. ಆ ನೀರಲ್ಲಿ ಬೇಳೆ ಬೇಯದು, ಸೋಪು ಕರಗದು. ಸೋಪು ತಿಕ್ಕಿದರೆ ಒಡೆದ ಹಾಲಿನಂತೆ ಬಿಳಿ ಬಿಳಿ ಚೂರು ತೇಲಿ ಬಟ್ಟೆಗೇ ಅಂಟಿಕೊಳ್ಳುತ್ತಿತ್ತು. ಹೊಸದಾಗಿ ಬಂದ ಸೊಸೆ ನಾನು. ಒಗೆಯಲು ಬರುವುದಿಲ್ಲ ಎನ್ನುತ್ತಾರೆಂದು ಹೆದರಿ, ಬಟ್ಟೆಯನ್ನು ಕಲ್ಲಿಗೆ ಕುಟ್ಟೀ ಕುಟ್ಟೀ ಗುಂಡಿಗಳನ್ನೆಲ್ಲ ಒಡೆದೆ. ಅತ್ತೆ ಒಂದು ದಿನ ಬಂದು ನಿಂತು ನೋಡಿದರು. "ಯವ್ವಾ, ಅಂಗಿ ಏನು ತಪ್ಪು ಮಾಡ್ಯಾದ? ಬೈದು ಬಿಟ್ಟುಬಿಡು" ಎಂದರು. ಅಂದಿನಿಂದ ನನಗೆ ಅವರ ಮೇಲೆ ಜೀವ.

ಕೆಲವು ವರ್ಷಗಳ ಮೇಲೆ ಸೋಪಿನ ಪುಡಿ ಎಂಬುದು ನಮ್ಮ ಕಡೆಗೂ ಬಂತು. ಪಕ್ಕದ ಮನೆಯ ಹಮೀದಾಬಿಯ ಗಂಡನದು ಕಿರಾಣಿ ಅಂಗಡಿ. ಅವರು ನಮಾಜಿಗೆ ಹೋದಾಗ ಹಮೀದಾಬಿಯೇ ಗಲ್ಲಾದ ಮೇಲೆ ಕೂಡುತ್ತಿದ್ದಳು. ಅವಳು ಒಂದು ಮುಷ್ಟಿ ಹಳದಿ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟು, "ನಿಮ್ಮ ಬಾವಿ ನೀರಾಗೂ ನೊರಿ ಬರ್ತದ ಅಕ್ಕಾ, ಬರಲಿಲ್ಲಂದ್ರ ನನ್ನ ಹೆಸರು ಬದಲಿ ಮಾಡ್ರಿ" ಎಂದಳು. ಬಂತು! ಸವಳು ನೀರಿನಲ್ಲಿ ನೊರೆ ಬಂತು. ಅವತ್ತು ಸಂಜೆ ದೀಪ ಹಚ್ಚಿ, "ತಾಯಿ ಹುಲಿಗೆಮ್ಮಾ, ನೊರೆ ಬಂತವ್ವಾ" ಎಂದು ಕೈಮುಗಿದೆ. ನೀವು ನಗಬಹುದು. ದೊಡ್ಡ ದೊಡ್ಡ ವರಗಳಿಗೆ ಮಾತ್ರ ಕೈಮುಗಿಯುವವರಿಗೆ ವರ್ಷಕ್ಕೊಮ್ಮೆ ಮುಗಿಯುವ ಅವಕಾಶ ಸಿಗುತ್ತದೆ. ನನಗೆ ದಿನಾ ಸಿಗುತ್ತದೆ.

ಪುಡಿಯ ಸಂಭ್ರಮಕ್ಕೆ ಮೊದಲ ಬಲಿ ನಮ್ಮ ಮನೆಯವರ ಬನೀನು. ಅಂಟುವಾಳ ಬಣ್ಣಕ್ಕೆ ಮೈದಡವುತ್ತದೆ, ಈ ಪುಡಿ ಬಣ್ಣವನ್ನು ಕಿತ್ತೇ ಬಿಡುತ್ತದೆ. ಹೊಸ ಮೆರೂನ್ ಲುಂಗಿಯ ಬಣ್ಣ ಎರಡು ಬನೀನುಗಳಿಗೆ ಹತ್ತಿತು. ಮಾಸ್ತರರ ತೆಳ್ಳನೆಯ ಬಿಳಿ ಅಂಗಿಯೊಳಗಿಂದ ಗುಲಾಬಿ ಬನೀನು ಕಾಣುತ್ತಿತ್ತು. ಹೆಡ್ ಮಾಸ್ತರರು, "ಏನ್ರೀ, ಒಳಗಿಂದ ಭಾಳ ಖುಷಿ ಅದೀರಿ" ಎಂದರಂತೆ. ನಮ್ಮ ತವರಿನವರಿಗೂ ಗಂಡನ ಮನೆಯವರಿಗೂ ಗುಲಾಬಿ ಉಡಿಸುವುದು ನನ್ನ ಹಣೆಯಲ್ಲಿ ಬರೆದಿತ್ತು ಎಂದು ಕಾಣುತ್ತದೆ. ಆಮೇಲೆಯೇ ಮೂಲೆ ಒದ್ದೆ ಮಾಡಿ ಒತ್ತಿ ನೋಡುವುದನ್ನು ಕಲಿತೆ. ಪುಡಿಯನ್ನು ಬಟ್ಟೆಯ ಮೇಲೆ ಉದುರಿಸದೆ ಮೊದಲು ನೀರಲ್ಲಿ ಕದಡುವುದು, ಬಣ್ಣದ ಬಟ್ಟೆಯನ್ನು ಬಹಳ ಹೊತ್ತು ನೆನೆಯಲು ಬಿಡದಿರುವುದು, ಒಳಮೈ ಹೊರಗೆ ಮಾಡಿ ನೆರಳಿಗೆ ಹರವುವುದು, ಇವೆಲ್ಲ ಒಂದೊಂದು ಬಟ್ಟೆ ಕೆಟ್ಟ ಮೇಲೆ ಬಂದ ಬುದ್ಧಿ.

ಇನ್ನು ಶಾಂತಾಳ ವಿಷಯ. ಅವಳನ್ನು ಮಾನ್ವಿಗೆ ಕೊಟ್ಟಿತ್ತು. ನಗುವ ಹುಡುಗಿ, ಬಾಗಿಲಿಗೆ ಬರುವ ಮೊದಲೇ ಅವಳ ನಗು ಒಳಗೆ ಬರುತ್ತಿತ್ತು. ಎರಡು ಸಲ ಬಸುರಾಗಿ ಎರಡು ಸಲವೂ ಹೋಯಿತು. ಎರಡನೆಯ ಸಲ ತವರಿಗೆ ಬಂದಾಗ ಅವಳು ಬಾಗಿಲು ದಾಟಿ ಒಳಗೆ ಬಂದು ಕುಳಿತಿದ್ದೇ ನಮಗೆ ಗೊತ್ತಾಗಲಿಲ್ಲ, ಅಷ್ಟು ಸದ್ದಿಲ್ಲದೆ ಬಂದಿದ್ದಳು. ಮೂರನೆಯ ಸಲ ದಿನ ತುಂಬುತ್ತ ಬಂದಾಗ, ಅತ್ತೆ ಹಟ ಹಿಡಿದು ಕುಬಸಕ್ಕೂ ಬಾಣಂತನಕ್ಕೂ ಸೇರಿ ಮೊದಲೇ ದೇವದುರ್ಗಕ್ಕೆ ಕರೆಸಿಕೊಂಡರು.

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಉಡಿ ತುಂಬುವ ಕುಬಸ ನಿಮಗೆಲ್ಲ ಗೊತ್ತಿರುವುದೇ. ಆದರೆ ಅತ್ತೆಯ ತವರು ಅರಕೇರಾದಲ್ಲಿ ಇನ್ನೊಂದು ಪದ್ಧತಿ ಇತ್ತಂತೆ. ಬಸಿರು ನಿಲ್ಲದವಳಿಗೆ ಹೊಸ ಸೀರೆ ಉಡಿಸುವುದಿಲ್ಲ. ಸುಸೂತ್ರವಾಗಿ ಹೆತ್ತವಳ ಕುಬಸದ ಸೀರೆಯನ್ನೇ ಉಡಿಸಿ ಉಡಿ ತುಂಬುತ್ತಾರೆ. ಆ ಸೀರೆಯ ಹಸಿರು ಮಾಸಿರಬಾರದು. ನಮ್ಮ ಮನೆಯಲ್ಲಿ ಸುಸೂತ್ರವಾಗಿ ಹೆತ್ತವಳು ಎಂದರೆ ನಾನು. ನನ್ನ ಕುಬಸದ ಗಿಳಿಹಸಿರು ಸೀರೆ ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ಮಲಗಿತ್ತು. ಉಟ್ಟದ್ದು ಅದೊಂದೇ ದಿನ. ಉಡಿ ತುಂಬಿದ ಸೀರೆ ಎಂದು ಒಗೆಯದೆ, ನೆರಳಿಗೆ ಹರವಿ ಮಡಿಚಿಟ್ಟಿದ್ದೆ.

"ಮತ್ತೊಬ್ಬಾಕಿ ಉಡ್ತಾಳಂದ್ರ ಒಗದ ಕೊಡಬೇಕು. ಹಸರು ಮಾತ್ರ ಹೋಗಬಾರದು ನೋಡು" ಎಂದರು ಅತ್ತೆ.

ಅಂಟುವಾಳದ ಕಾಯಿ ನೆನೆಹಾಕಿದೆ. ಅದರ ವಾಸನೆ ಪಡಸಾಲೆಗೆ ಹೋಗಿದ್ದೇ ತಡ, ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. "ವೈನಿ, ಆ ವಾಸನಿ ಸೀರಿ ಉಟಗೊಂಡು ಕುಂತ್ರ ಬೀಗರ ಮುಂದನ ವಾಂತಿ ಮಾಡ್ತೀನ್ರಿ" ಎಂದಳು. ಸರಿ, ಪುಡಿಯೇ ಗತಿ ಎಂದು ಅತ್ತೆ, ಶಾಂತಾ, ನಾನು ಮೂವರೂ ಹಮೀದಾಬಿಯ ಅಂಗಡಿಗೆ ಹೊರಟೆವು.

ಅಂಗಡಿಯಲ್ಲಿ ನಡೆದದ್ದು ನೋಡಿದ್ದರೆ ನಾವು ಪುಡಿಯಲ್ಲ, ಬಂಗಾರ ಕೊಳ್ಳಲು ಹೋಗಿದ್ದೇವೆ ಅನ್ನುತ್ತಿದ್ದಿರಿ. ಹಮೀದಾಬಿ ಹಳದಿ ಪುಡಿಯನ್ನು ತೋರಿಸಿದಳು. ಶಾಂತಾ ಮೂಗಿಗೆ ಹಿಡಿದು ತಲೆಯಾಡಿಸಿ, "ಕರೆಂಟಿನ ವಾಸನಿ ಬರ್ತದ" ಎಂದಳು. ಕರೆಂಟಿಗೆ ವಾಸನೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಬಸುರಿಯ ಮೂಗಿನ ಜೊತೆ ವಾದ ಮಾಡಬಾರದು. ಬಿಳಿಯ ದಪ್ಪ ಹರಳಿನದಕ್ಕೆ, "ಇದು ದವಾಖಾನಿ" ಎಂದಳು. ಕೊನೆಗೆ ತಿಳಿ ನೀಲಿ ಪುಡಿಯನ್ನು ಮೂಸಿ, ಮತ್ತೊಮ್ಮೆ ಮೂಸಿ, "ಇದು ಅಡ್ಡಿಯಿಲ್ಲ. ಮಲ್ಲಿಗಿ ಸುಳ್ಳ ಹೇಳಿದಂಗ ಅದ" ಎಂದಳು. ಬಹಳ ದಿನದ ಮೇಲೆ ಅವಳ ಬಾಯಿಂದ ಚೇಷ್ಟೆಯ ಮಾತು ಬಂತೆಂದು ನಾವೆಲ್ಲ ಜೋರಾಗಿ ನಕ್ಕೆವು.

ಅತ್ತೆಯ ಚಿಂತೆ ಬೇರೆ. "ಹಮೀದಾ, ಇದ್ರಾಗ ಚರಬಿ ಗಿರಬಿ ಇಲ್ಲ ಹೌದಿಲ್ಲೋ? ಉಡಿ ತುಂಬೋ ಸೀರಿ ಯವ್ವಾ."

"ಅಮ್ಮಾ, ಚರಬಿ ಇರೋದು ಈ ಅಂಗಡ್ಯಾಗ ನನ್ನ ಮೈಮ್ಯಾಲ ಒಂದ. ಇದು ಬರೇ ಸೋಡಾ, ಸುವಾಸನಿ."

ನನ್ನ ಚಿಂತೆ ಹಸಿರಿನದು. ಒಂದು ಚಿಟಿಕೆ ಪುಡಿ ತಂದು, ಸೀರೆಯ ಸೆರಗಿನ ತುದಿಯನ್ನು ಅದರ ನೀರಲ್ಲಿ ಅದ್ದಿ, ಬಿಳಿ ಚಿಂದಿಯ ಮೇಲೆ ಒತ್ತಿದೆ. ಚಿಂದಿ ಬಿಳಿಯಾಗಿಯೇ ಉಳಿಯಿತು. ಮನಸ್ಸು ಎಷ್ಟು ಹಗುರಾಯಿತೆಂದರೆ, ಆ ಚಿಂದಿಯನ್ನು ಓಣಿಯವರಿಗೆಲ್ಲ ತೋರಿಸಿಕೊಂಡು ಬರೋಣ ಅನ್ನಿಸಿತು.

ಕುಬಸದ ಹಿಂದಿನ ದಿನ ಬೆಳಿಗ್ಗೆ ಸೀರೆಯನ್ನು ಒಗೆಯಲು ಕುಳಿತೆ. ಬಕೇಟಿನಲ್ಲಿ ಪುಡಿಯನ್ನು ಕದಡಿ, ಸೀರೆ ಅದ್ದಿ, ಅಂಗೈಯಲ್ಲಿ ಮೆಲ್ಲಗೆ ಹಿಸುಕುತ್ತಿದ್ದೆ. ಶಾಂತಾ ಹಿತ್ತಲ ಕಟ್ಟೆಯ ಮೇಲೆ ಮಂಡಕ್ಕಿಯ ಒಗ್ಗರಣೆ, ನಮ್ಮ ಕಡೆಯ ಮಂಡಾಳು, ತಿನ್ನುತ್ತ, ಮಾನ್ವಿಯಿಂದ ಯಾರ್ಯಾರು ಬರುತ್ತಾರೆ, ಅವರಲ್ಲಿ ಯಾರು ಗೊರಕೆ ಹೊಡೆಯುತ್ತಾರೆ ಎಂದು ಹೇಳುತ್ತಿದ್ದಳು. ನಾನು ನಗುತ್ತ ಸೀರೆಯನ್ನು ಮೇಲೆತ್ತಿ ಬಿಡಿಸಿದೆ.

ಸೀರೆಯ ಮುಂಭಾಗದಲ್ಲಿ, ಸರಿಯಾಗಿ ಉಡಿಯ ಜಾಗದಲ್ಲಿ, ಅಂಗೈಯಗಲ ಕೆಂಪು.

ಅದು ಕುಂಕುಮದ ಕೆಂಪಲ್ಲ. ಕಂದು ಬೆರೆತ, ಒದ್ದೆಯಾದ, ಅಂಚಿನಲ್ಲಿ ಹರಡುತ್ತಿದ್ದ ಕೆಂಪು. ಅದರಿಂದ ಸೋರಿದ ನೊರೆಯೂ ಕೆಂಪಾಗಿತ್ತು. ಸೀರೆಯನ್ನು ಕೂಡಲೇ ನೀರಿಗೆ ಬಿಡಬೇಕಿತ್ತು; ಎತ್ತಿ ಹಿಡಿದೇ ಇದ್ದೆ. ಶಾಂತಾ ನೋಡಿದಳು. ಮಂಡಾಳಿನ ತಾಟನ್ನು ಕಟ್ಟೆಯ ಮೇಲೆ ಇಟ್ಟು, ಎದ್ದು, ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಅತ್ತೆ ಆಗಷ್ಟೇ ಸ್ನಾನ ಮುಗಿಸಿ, ಮುಖಕ್ಕೂ ಕೈಗೂ ಅರಿಶಿಣ ಹಚ್ಚಿಕೊಂಡು, ದೇವರ ಪೂಜೆ ಮಾಡಿ ಬಂದರು. ಸೀರೆಯ ಮೇಲೆ ಅವರ ಕಣ್ಣು ಬಿತ್ತು.

"ಉಡ್ಯಾಗ ಕೆಂಪಾ? ಯವ್ವಾ, ಆಕಿ ನೋಡಿದಳೇನು?"

"ನೋಡಿದ್ಲ್ರಿ."

"ಮುಗೀತು ಬಿಡು. ಬ್ಯಾರೆ ಎಲ್ಲೆರ ಆಗಿದ್ರ ಒಂದ ಮಾತು. ಉಡ್ಯಾಗ, ಅದೂ ಹೊಟ್ಟಿ ಹೊತ್ತಾಕಿ ಕಣ್ಣಮುಂದ... ಮಾನ್ವಿಯವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ."

ಗೋಡೆಯ ಆಚೆಯಿಂದ ಹಮೀದಾಬಿ ಓಡಿ ಬಂದಳು. ಕೆಂಪನ್ನು ನೋಡಿ, "ಯಾ ಅಲ್ಲಾ, ನನ್ನ ಪುಡಿ ಏನು ಮಾಡಿತು ಇದು!" ಎಂದು ಕೆನ್ನೆಗೆ ಕೈಹಚ್ಚಿ ಅಲ್ಲೇ ಕುಳಿತಳು. ಅತ್ತೆ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಇನ್ನೂ ಭಯ ಹುಟ್ಟಿಸಿತು. ಅತ್ತೆ ಬೈಯುತ್ತಿದ್ದಾರೆ ಎಂದರೆ ಪರಿಹಾರ ಇದೆ ಎಂದು ಅರ್ಥ; ಸುಮ್ಮನಿದ್ದಾರೆ ಎಂದರೆ ಅವರಿಗೂ ದಾರಿ ಕಂಡಿಲ್ಲ.

ನಾನು ಮನಸ್ಸಿನಲ್ಲೇ ಹುಲಿಗೆಮ್ಮ ತಾಯಿಗೆ ಹೇಳಿದೆ: ಸೀರೆ ಹೋಗಲಿ, ಕುಬಸ ಹೋಗಲಿ, ಆ ಹುಡುಗಿಯ ಧೈರ್ಯ ಹೋಗದಿರಲಿ. ಹೆದರಿದವಳು ಊಟ ಬಿಡುತ್ತಾಳೆ, ನಿದ್ದೆ ಬಿಡುತ್ತಾಳೆ. ಉಳಿದದ್ದನ್ನು ಮನಸ್ಸಿನಲ್ಲೂ ಹೇಳಲು ಆಗಲಿಲ್ಲ, ತಾಯಿಗೂ ಗೊತ್ತು, ನನಗೂ ಗೊತ್ತು.

ಅತ್ತೆ ಕಂಬಕ್ಕೆ ಒರಗಿ ಕುಳಿತರು. ದುಃಖವಾದಾಗ ಅವರ ಕೈ ತಾನಾಗಿಯೇ ಎಲೆಅಡಿಕೆಯ ಚೀಲಕ್ಕೆ ಹೋಗುತ್ತಿತ್ತು. ಎಲೆ ತೆಗೆದು ಸೆರಗಿಗೆ ಒರೆಸಿಕೊಂಡರು. ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಗೆ ಸವರಿದರು. ಯೋಚನೆಯಲ್ಲಿ ಮುಳುಗಿ ಸವರುತ್ತಲೇ ಇದ್ದರು. ಆಗ ನೋಡಿದೆ. ಅರಿಶಿಣ ಹಚ್ಚಿದ ಹಳದಿ ಬೆರಳು, ಸುಣ್ಣ ತಾಕಿದಲ್ಲಿ ಕೆಂಪಗಾಗಿತ್ತು.

"ಅತ್ತೀ... ನಿಮ್ಮ ಬೆರಳು ನೋಡ್ರಿ."

"ನನ್ನ ಬೆರಳಿಗೇನಾಗ್ಯಾದ?"

"ಕೆಂಪ ಆಗ್ಯಾದ."

"ಅರಿಶಿಣಕ್ಕ ಸುಣ್ಣ ಹತ್ತಿದ್ರ ಕೆಂಪಾಗದ ಹಸರಾಗ್ತದೇನು?" ಎಂದು ಬೈಯಲು ಶುರು ಮಾಡಿದವರು, ಅರ್ಧಕ್ಕೇ ನಿಂತರು. ಬೆರಳು ನೋಡಿದರು, ಸೀರೆ ನೋಡಿದರು, ಮತ್ತೆ ಬೆರಳು ನೋಡಿದರು.

ನನ್ನ ಕುಬಸದ ದಿನ ಆ ಉಡಿಗೆ ಅಕ್ಕಿ, ಉತ್ತತ್ತಿ, ಅಡಿಕೆಯ ಜೊತೆ ಅರಿಶಿಣದ ಕೊಂಬು ಬಿದ್ದಿತ್ತು. ಮುತ್ತೈದೆಯರು ಅರಿಶಿಣದ ಕೈಯಲ್ಲೇ ತುಂಬಿದ್ದರು. ಒಗೆಯದ ಸೀರೆ. ಗಿಳಿಹಸಿರಿನ ಮೇಲೆ ಹಳದಿ ಕಾಣುವುದಿಲ್ಲ. ಹಬ್ಬ ಬಂದರೆ ಸಾಕು, ತಾಟಿನಲ್ಲಿ ಅರಿಶಿಣಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿ ಆರತಿ ಎತ್ತುವವರು ನಾವು. ಅಡುಗೆಮನೆಯ ಕೈಬಟ್ಟೆ ಸೋಪು ತಾಕಿದ ಕೂಡಲೇ ಕೆಂಪಾಗುವುದನ್ನು ಜನ್ಮವಿಡೀ ಕಂಡವರು. ಆದರೂ ಮೂರು ಜನ ಹೆಂಗಸರು ಆ ಕೆಂಪನ್ನು ಗುರುತಿಸದೆ ಕುಳಿತಿದ್ದೆವು. ಭಯಕ್ಕೆ ಕಣ್ಣಿದೆ, ತಲೆಯಿಲ್ಲ.

ಶಾಂತಾಳ ಹತ್ತಿರ ಓಡಿ ಹೋಗಿ ಹೇಳಿದೆ. ಅವಳು ಗೋಡೆಯ ಕಡೆಯಿಂದ ಹೊರಳಲೇ ಇಲ್ಲ.

"ವೈನಿ, ಹೋದ ಸಲನೂ ಎಲ್ಲಾರೂ ಏನೂ ಇಲ್ಲ ಏನೂ ಇಲ್ಲ ಅಂತ ಹೇಳಿದ್ರಿ. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

ಹೌದು, ಹೋದ ಸಲ ಹೇಳಿದ್ದೆವು. ಎದ್ದು, ಹಳೆಯ ಧೋತರದ ಒಂದು ತುಂಡು, ಅರಿಶಿಣದ ಡಬ್ಬಿ, ತಂಬಿಗೆಯಲ್ಲಿ ಆ ನೀಲಿ ಪುಡಿಯ ನೀರು ತಂದು ಅವಳ ಪಕ್ಕದಲ್ಲಿಟ್ಟೆ.

"ನಾ ಏನೂ ಹೇಳಂಗಿಲ್ಲ. ನೀನ ಮಾಡಿ ನೋಡು."

ಅವಳು ಮೊಣಕೈ ಊರಿ ಎದ್ದು ಕುಳಿತಳು. ಒಂದು ಚಿಟಿಕೆ ಅರಿಶಿಣ ತೆಗೆದು ಬಟ್ಟೆಗೆ ತಿಕ್ಕಿದಳು. ಹಳದಿ. ಬೆರಳಲ್ಲಿ ತಂಬಿಗೆಯ ನೀರು ತೆಗೆದು ಅದರ ಮೇಲೆ ಬಿಟ್ಟಳು. ನೋಡುನೋಡುತ್ತಿದ್ದಂತೆ ಹಳದಿ ಕೆಂಪಾಗಿ ಹರಡಿತು. ಹಿತ್ತಲಲ್ಲಿ ಕಂಡ ಅದೇ ಕೆಂಪು, ಅದೇ ಕಂದು ಅಂಚು. ಅವಳು ಇನ್ನೊಂದು ಕಡೆ ತಿಕ್ಕಿದಳು. ಅಲ್ಲಿಯೂ ಕೆಂಪು. ಮತ್ತೊಂದು ಕಡೆ. ಬಾಗಿಲಲ್ಲಿ ಅತ್ತೆಯೂ ಹಮೀದಾಬಿಯೂ ನಿಂತು ಇಣುಕುತ್ತಿದ್ದರು.

"ಸಾಕು ಬಿಡವ್ವಾ, ಡಬ್ಬ್ಯಾಗಿನ ಅರಿಶಿಣ ಮುಗೀತು. ನಾಳೆ ಬೀಗರಿಗೆ ಏನ್ ಹಚ್ಚಲಿ?" ಎಂದರು ಅತ್ತೆ. ಬೈಗುಳ ಮರಳಿ ಬಂದಿತ್ತು.

"ಹುಳಿ ಹಾಕ್ರಿ ಅಕ್ಕಾ," ಎಂದಳು ಹಮೀದಾಬಿ. "ಬಟ್ಟಿಗೆ ಬಿದ್ದ ಪಲ್ಯದ ಕಲೆ ಹಿಂಗ ಕೆಂಪಾದ್ರ ನಾವು ನಿಂಬಿಹಣ್ಣು ಹಿಂಡ್ತೀವಿ." ಅವಳಿಗೂ ಗೊತ್ತಿದ್ದ ಸಂಗತಿ ಈಗಷ್ಟೇ ಬಾಯಿಗೆ ಬಂದಿತ್ತು. ಅರ್ಧ ನಿಂಬೆಹಣ್ಣು ತಂದು ಹಿಂಡಿದರೆ ಕೆಂಪೆಲ್ಲ ಮತ್ತೆ ಹಳದಿ! ಶಾಂತಾ ಆ ತುಂಡನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ನಾನು ಬೆನ್ನ ಮೇಲೆ ಕೈಯಿಟ್ಟರೆ, ಅವಳು ನಗುತ್ತಿದ್ದಳು. ಅಳುವೂ ಇತ್ತು, ಯಾವುದು ಎಲ್ಲಿ ಮುಗಿಯಿತು ಎಂದು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ.

"ಡರೋ ನಕ್ಕೋ ಬೇಟಾ, ಅಂಜಬ್ಯಾಡ" ಎಂದು ಹಮೀದಾಬಿ ಅವಳ ಕಣ್ಣು ಒರೆಸಿದಳು. "ನಿನ್ನ ಕುಬಸಕ್ಕ ನನ್ನ ಪುಡಿ ಒಂದ ದಿನ ಮೊದಲ ಆರತಿ ಮಾಡ್ಯಾದ."

ಸೀರೆಗೂ ನಿಂಬೆಹಣ್ಣು ಹಿಂಡಿ, ಮೂರ್ನಾಲ್ಕು ಸಲ ತಿಳಿನೀರಲ್ಲಿ ಜಾಲಾಡಿಸಿ, ನೆರಳಿಗೆ ಹರವಿದೆ. ಸಂಜೆಗೆ ಒಣಗಿದಾಗ ಗಿಳಿ ಹಾರಿಬಂದು ಹಗ್ಗದ ಮೇಲೆ ಕುಳಿತಂತಿತ್ತು ಅದರ ಹಸಿರು. ಮರುದಿನ ಶಾಂತಾ ಅದನ್ನೇ ಉಟ್ಟು, ಮೊಣಕೈವರೆಗೆ ಬಳೆ ತೊಟ್ಟು ಮಣೆಯ ಮೇಲೆ ಕುಳಿತಳು. ಮಾನ್ವಿಯವರು ಬಂದರು, ಹೋಳಿಗೆ ಉಂಡರು, ಶಾಂತಾ ಹೇಳಿದ್ದ ಮಾವನವರೇ ಊಟವಾದ ಮೇಲೆ ಗೊರಕೆ ಹೊಡೆದರು.

ಇಲ್ಲಿಗೆ ಮುಗಿಸಿದರೆ ಚೆಂದ. ಆದರೆ ಅಷ್ಟರಿಂದ ಭಯ ಹೋಯಿತೆಂದು ಹೇಳ ಹೊರಟರೆ ಸುಳ್ಳಾಗುತ್ತದೆ. ಬೀಗರು ಹೋದ ಮೇಲೆ ಶಾಂತಾ ಸೀರೆಯನ್ನು ಮಡಿಚಿ ಕೊಡುತ್ತ, "ವೈನಿ, ಪುಡಿ ಮಾತು ತಿಳೀತ್ರಿ. ಆದ್ರ ಒಳಗಿನ ಮಾತು ಪುಡಿಗೇನು ಗೊತ್ತದ?" ಎಂದಳು. ಆಮೇಲಿನ ದಿನಗಳಲ್ಲಿ ಅವಳು ಉಂಡಳು, ನಿದ್ದೆ ಮಾಡಿದಳು, ಆಗಾಗ ಚೇಷ್ಟೆಯ ಮಾತನ್ನೂ ಆಡಿದಳು. ಅಷ್ಟಕ್ಕೇ ನಾನು ದಿನಾ ಸಂಜೆ ಕೈಮುಗಿಯುತ್ತಿದ್ದೆ. ಆದರೆ ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಅವಳು ನನ್ನ ಮುಖ ನೋಡಿ, ಏನೂ ಇಲ್ಲ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಮನೆಯ ಹೆಂಗಸರೆಲ್ಲ ಆ ಒಂದು ಕಣ್ಸನ್ನೆಗಾಗಿ ಕಾಯುತ್ತ ಬದುಕಿದ್ದೆವು.

ದಿನ ತುಂಬಿದಾಗ ರಾಯಚೂರಿನ ದವಾಖಾನೆಗೆ ಕರೆದುಕೊಂಡು ಬಂದೆವು. ಜೊತೆಗೆ ಉಳಿದವಳು ನಾನು. ನಸುಕಿನಲ್ಲಿ ನೋವು ಬಂತು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತು ಶಿವ ಶಿವ ಎನ್ನುತ್ತಿದ್ದೆ. ನಡುವೆ ಎಷ್ಟೋ ಸಲ ಶಿವನ ಹೆಸರೂ ಮರೆತುಹೋಯಿತು. ಬಿಸಿಲು ಏರಿದ ಮೇಲೆ ಒಳಗೊಂದು ಅಳು ಕೇಳಿತು. ಸಣ್ಣದಲ್ಲ, ಯಾರ ಮೇಲೋ ತಕರಾರು ಮಾಡುವಂಥ ದೊಡ್ಡ ಅಳು. ಆಯಾ ಬಂದು ಕೂಸನ್ನು ತೋರಿಸಿದಳು, ಶಾಂತಾ ಎಚ್ಚರವಾಗಿದ್ದಾಳೆ ಎಂದಳು. ಆಮೇಲೆ ಬಟ್ಟೆಗಳ ಗಂಟೊಂದನ್ನು ನನ್ನ ಕೈಗೆ ಕೊಟ್ಟು, "ಹಿಂದ ನಳ ಅದ, ಒಗದು ಹಾಕ್ರಿ" ಎಂದಳು.

ನಳದ ಕಟ್ಟೆಯ ಮೇಲೆ ಕುಳಿತೆ. ರಕ್ತದ ಬಟ್ಟೆಗೆ ಮೊದಲು ಬರೀ ತಣ್ಣೀರು, ಪುಡಿ ಆಮೇಲೆ. ಒಂದೊಂದನ್ನೇ ಬಿಡಿಸಿ ನಳದ ಕೆಳಗೆ ಹಿಡಿದೆ. ಕೆಂಪು ನೀರು ಕಲ್ಲಿನ ಮೇಲಿಂದ ಹರಿದು, ತೆಳುವಾಗಿ, ಮೋರಿಗೆ ಇಳಿಯುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ತನ್ನ ಪಾಡಿಗೆ ಹಿಂಡುತ್ತಿತ್ತು. ನನ್ನ ಆಯುಷ್ಯದಲ್ಲಿ ಅಷ್ಟು ಖುಷಿಯಿಂದ ಯಾವ ಬಟ್ಟೆಯನ್ನೂ ಒಗೆದಿಲ್ಲ.

ಅಷ್ಟರಲ್ಲಿ ದೇವದುರ್ಗದ ಬಸ್ಸಿಳಿದ ಅತ್ತೆ ನನ್ನನ್ನು ಹುಡುಕುತ್ತ ಅಲ್ಲಿಗೇ ಬಂದರು. ನನ್ನ ಕೈ ನೋಡಿದರು, ಹರಿಯುವ ನೀರು ನೋಡಿದರು. ಕೈಯಲ್ಲಿದ್ದ ಚೀಲ ಜಾರಿ ನೆಲಕ್ಕೆ ಬಿತ್ತು.

"ಏನವ್ವಾ ಅದು... ಕೆಂಪು?"

"ಈ ಸಲ ಖರೇನ ರಗತ ರೀ ಅತ್ತಿ," ಎಂದೆ. "ಹೆಣ್ಣ ಕೂಸು. ತಾಯಿ ಮಗಳು ಇಬ್ರೂ ಆರಾಮ ಅದಾರ."

ಅತ್ತೆ ಮೋರಿಯತ್ತ ತಿರುಗಿ, ಹರಿಯುತ್ತಿದ್ದ ಆ ನೀರಿಗೆ ಕೈಮುಗಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿ, ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಗಂಟಿನಿಂದ ಒಂದು ಬಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.